ಹೊರಗೆ ಬೀಗ, ಒಳಗೆ ದಿಂಬಿನಕ್ಕ

ಚಂಡಮಾರುತ ಬರುತ್ತಿದೆ ಎಂದು ಜೀಪಿನ ಮೈಕು ಬೀದಿ ಬೀದಿಯಲ್ಲಿ ಗಂಟಲು ಹರಿದುಕೊಳ್ಳುತ್ತಿತ್ತು. ಊರವರೆಲ್ಲ ಸುತ್ತಿಗೆ ಹಿಡಿದು ಕಿಟಕಿಗೆ ಹಲಗೆ ಹೊಡೆಯುತ್ತಿದ್ದರು. ದಿಂಬಿನಕ್ಕನ ಕೈಯಲ್ಲೂ ಸುತ್ತಿಗೆ ಇತ್ತು, ಆದರೆ ಹೊಡೆಯುವ ಹಾಗಿರಲಿಲ್ಲ. ಹೊಡೆದರೆ ಸದ್ದಾಗುತ್ತದೆ, ಸದ್ದಾದರೆ ಅವಳು ಒಳಗಿದ್ದಾಳೆಂದು ಗೋಡೆಯಾಚೆಗೆ ಗೊತ್ತಾಗುತ್ತದೆ. ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ಸಮುದ್ರದ ಕಡೆಯಿಂದ ಬಳಸಿ ಬಂದು, ಬೇಲಿ ಹಾರಿ, ಹಿತ್ತಿಲ ಬಾಗಿಲಿನಿಂದ ತನ್ನ ಮನೆಗೆ ತಾನೇ ಕಳ್ಳಿಯ ಹಾಗೆ ಹೊಕ್ಕಿದ್ದಳು.

ಅವಳು ಹಾಸಿಗೆ ಅಂಗಡಿಯಲ್ಲಿ ದಿಂಬು ಹೊಲಿಯುವವಳು, ಅದಕ್ಕೇ ಆ ಹೆಸರು. ಮನೆ ಅವಳ ಗಂಡ ಮತ್ತು ಬಾವ ಪಾಲು ಮಾಡಿಕೊಂಡಿದ್ದು. ಅಣ್ಣ ತಮ್ಮಂದಿರು ಅಂಗಳ ಹಂಚಿಕೊಂಡರು, ಬಾವಿ ಹಂಚಿಕೊಂಡರು, ನಟ್ಟನಡುವೆ ಗೋಡೆ ಎಬ್ಬಿಸಿದರು. ತಗಡಿನ ಮಾಡನ್ನು ಕತ್ತರಿಸಿದರೆ ಮಳೆ ಇಬ್ಬರ ತಲೆಗೂ ಬೀಳುತ್ತದೆಂಬಷ್ಟು ಬುದ್ಧಿ ಮಾತ್ರ ಇಬ್ಬರಿಗೂ ಉಳಿದಿತ್ತು. ಹಾಗಾಗಿ ಮನೆ ಎರಡು, ಮಾಡು ಒಂದೇ. ಆಮೇಲೆ ಗಂಡ ತೀರಿಕೊಂಡ. ಆ ಕಡೆಯವರ ಜೊತೆ ಜಗಳವೇನೂ ಆಗಲಿಲ್ಲ. ಆಗಿದ್ದರೆ ಒಂದು ದಿನ ರಾಜಿಯಾದರೂ ಆಗುತ್ತಿತ್ತು. ಮಾತು ಮಾತ್ರ ಒಣಗಿ ಹೋಯಿತು.

ಬೀಗದ ಕಥೆ ಶುರುವಾದದ್ದು ಗಂಡ ಹೋದ ಮೇಲೆ ಬಂದ ಅಂಗಡಿಯ ಮೊದಲ ದೊಡ್ಡ ರಜೆಯಲ್ಲಿ. ಅವಳು ಜಗಲಿಯಲ್ಲಿ ಒಬ್ಬಳೇ ಕೂತಿದ್ದಳು. ದಾರಿಯಲ್ಲಿ ಹೋಗುವ ಪ್ರತಿಯೊಬ್ಬರೂ ಗೇಟಿನ ಬಳಿ ನಿಂತು, "ಎಲ್ಲೂ ಹೋಗ್ಲಿಲ್ವಾ? ತಮ್ಮ ಕರೀಲಿಲ್ವಾ?" ಎಂದು ಕೇಳಿದ್ದೇ ಕೇಳಿದ್ದು. ಜನರಿಗೇನು, ಕೇಳಿ ಹೋಗುತ್ತಾರೆ, ಉತ್ತರ ನುಂಗಿಕೊಂಡು ಕೂರಬೇಕಾದವಳು ಇವಳು. ತಮ್ಮ ಕರೆದಿರಲಿಲ್ಲ. ಅವನಿಗೆ ಅಕ್ಕ ಇದ್ದಾಳೆಂಬುದೇ ಮರೆತಿತ್ತೋ ಏನೋ. ಮುಂದಿನ ರಜೆಗೆ ಅವಳೇ ಅಂಗಡಿಯಲ್ಲಿ, "ತಮ್ಮ ಬಾ ಬಾ ಅಂತ ಪ್ರಾಣ ತಿಂತಿದಾನೆ" ಎಂದು ಸಾರಿ, ಮುಂಬಾಗಿಲಿಗೂ ಗೇಟಿಗೂ ಬೀಗ ಹಾಕಿ ಒಳಗೆ ಕೂತಳು. ಊರು ನಂಬಿತು. ಅಲ್ಲಿಂದಾಚೆ ರಜೆ ಬಂತೆಂದರೆ ಬಾಗಿಲಿಗೆ ಬೀಗ, ಒಲೆಗೆ ರಜೆ, ಬ್ರೆಡ್ಡು ನೀರಿನಲ್ಲಿ ಅದ್ದಿ ತಿನ್ನುವುದು, ದೀಪ ಹಚ್ಚದೆ ಮಲಗುವುದು. ಎಂಥ ದರಿದ್ರ ಮರ್ಯಾದೆಯೋ, ಅವಳಿಗೇ ಗೊತ್ತು.

ಇವತ್ತೂ ಅಂಗಡಿ ಮುಚ್ಚುವಾಗ ಮಾಲೀಕ, "ನೀವೆಲ್ಲಿಗೆ ಹೋಗ್ತೀರಿ?" ಎಂದು ಕೇಳಿದ. "ತಮ್ಮನ ಮನೆಗೆ" ಎಂದು ಬಾಯಿ ತಾನಾಗಿಯೇ ಹೇಳಿಬಿಟ್ಟಿತು. ಹೇಳಿದ ಮೇಲೆ ಹೋಗಬೇಕಲ್ಲ, ಬೀಗ ಬಿತ್ತು. ಸಂಜೆಗೆ ಮುಂಚೆ ಬಸ್ಸು ಬಂದು ಬೀದಿಯವರನ್ನು ಗುಡ್ಡದ ಮೇಲಿನ ಶಾಲೆಗೆ ಕರೆದೊಯ್ಯುತ್ತದೆಂದು ಆಮೇಲೆ ಮೈಕು ಹೇಳಿತು. ಬೀಗ ಹಾಕಿದ ಮನೆಯ ಮುಂದೆ ಯಾವ ಬಸ್ಸು ನಿಲ್ಲುತ್ತದೆ? ತಾನಾಗಿಯೇ ನಡೆದು ಹೋದರೆ ಶಾಲೆಯಲ್ಲಿ ಅಂಗಡಿಯವರೆಲ್ಲ ಇರುತ್ತಾರೆ. ತಮ್ಮನ ಮನೆಗೆ ಹೋಗ್ಲಿಲ್ವಾ? ಆ ಪ್ರಶ್ನೆಗಿಂತ ಗಾಳಿಯೇ ವಾಸಿ ಎನಿಸಿತು. ಮಾಡು ಒಂದು ಗಟ್ಟಿಯಿದ್ದರೆ ಬದುಕಿಕೊಂಡೇನು ಎಂದುಕೊಂಡಳು.

ಚಂಡಮಾರುತಕ್ಕೆ ಸದ್ದಿಲ್ಲದೆ ತಯಾರಾದವರು ಪ್ರಪಂಚದಲ್ಲಿ ಅವಳೊಬ್ಬಳೇ ಇರಬೇಕು. ಹಲಗೆಗಳನ್ನು ಮೊಳೆಯ ಬದಲು ಹಗ್ಗದಿಂದ ಕಿಟಕಿಯ ಸರಳಿಗೆ ಬಿಗಿದಳು. ಸಂದುಗಳಿಗೆ ಅಂಗಡಿಯಿಂದ ತಂದ ಹತ್ತಿ ತುರುಕಿದಳು. ನೀರು ತುಂಬುವಾಗ ಬಿಂದಿಗೆಯ ಬಾಯಿಗೆ ಬಟ್ಟೆ ಹಿಡಿದಳು. ಮನೆಪತ್ರ, ಗಂಡನ ಫೋಟೋ, ಬೆಂಕಿಪೊಟ್ಟಣ ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟಕ್ಕೇರಿಸಿದಳು. ಮಂಚವನ್ನು ಎಳೆಯುವಂತಿಲ್ಲ, ಒಂದೊಂದೇ ಕಾಲು ಎತ್ತಿ ಎತ್ತಿ ಇಡುತ್ತ ಒಳಗೋಡೆಗೆ ತಂದು ನಿಲ್ಲಿಸುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಸುಸ್ತಾಗಿ ಅದರ ಮೇಲೆ ಕೂತಾಗ ಆಚೆಯ ಮಾತು ಕೇಳಿಸಿತು. ಗೋಡೆಗೂ ಕಿವಿಯಿರುತ್ತದೆ ಎನ್ನುತ್ತಾರೆ. ಈ ಗೋಡೆಗೆ ಇದ್ದದ್ದು ಒಂದೇ ಕಡೆಯ ಕಿವಿ.

"ಚಿಕ್ಕಮ್ಮನ್ನ ಒಂದು ಮಾತು ಕೇಳೋಣ್ವಾ?" ಬಾವನ ಮಗಳು ಕೇಳುತ್ತಿದ್ದಳು.

"ಬೀಗ ನೋಡ್ಲಿಲ್ವೇನೇ? ತಮ್ಮನ ಮನೆಗೆ ಹೋಗಿದಾಳೆ," ಎಂದಳು ಓರಗಿತ್ತಿ, ಅಂದರೆ ಬಾವನ ಹೆಂಡತಿ. "ಪುಣ್ಯವಂತೆ. ಕರೆಯೋರಿದಾರೆ. ನಮ್ಮನ್ನ ಯಾರು ಕರೀತಾರೆ?"

ಅದನ್ನು ಕೇಳಿ ನಗಬೇಕೋ ಅಳಬೇಕೋ ದಿಂಬಿನಕ್ಕನಿಗೆ ತಿಳಿಯಲಿಲ್ಲ. ಸುಳ್ಳು ಹೇಳಿದರೆ ನಂಬಲಿ ಅನ್ನಿಸುತ್ತದೆ, ಇಷ್ಟು ಚೆನ್ನಾಗಿ ನಂಬಿದರೆ ಹೊಟ್ಟೆ ಉರಿಯುತ್ತದೆ.

ಬಾವನ ಚಿಂತೆ ಬೇರೆ ಇತ್ತು. ಅವನು ದೋಣಿಯ ಇಂಜಿನ್ ರಿಪೇರಿ ಮಾಡುವವನು, ಗಾಳಿಯ ಗುಣ ಬಲ್ಲವನು. "ಮಾಡಿಗೆ ಹಗ್ಗ ಹಾಕ್ಬೇಕು. ಆ ಕಡೆ ಕಟ್ಟೋರು ಯಾರು? ಬೇಲಿ ಹಾರೋಣ ಅಂದ್ರೆ ಮೊಣಕಾಲು ಮಡಚಲ್ಲ."

"ಗೇಟಿನ ಬೀಗ ಒಡೀರಿ."

"ಅವಳಿಲ್ಲದಾಗ ಒಡೆದು, ಊರವರ ಬಾಯಿಗೆ ಬೀಳಲಾ?"

ಈ ಮನೆಯಲ್ಲಿ ಮಾಡು ಬಿಗಿಯುವುದಕ್ಕೊಂದು ಕ್ರಮವಿತ್ತು. ಒಬ್ಬರು ತಮ್ಮ ಅಂಗಳದಿಂದ ಹಗ್ಗವನ್ನು ಮಾಡಿನ ಮೇಲೆ ಹಾಯಿಸಿ ಎಸೆದು, "ಬಂತಾ?" ಎನ್ನಬೇಕು. ಆಚೆಯವರು ಅದನ್ನು ಪಾಯದಲ್ಲಿ ಹೂತ ಕಬ್ಬಿಣದ ಬಳೆಗೆ ಕಟ್ಟಿ, "ಬಂತು" ಎನ್ನಬೇಕು. ಆಮೇಲಷ್ಟೇ ಎಸೆದವರು ಎಳೆದು ಬಿಗಿಯುವುದು. ಮೊದಲೇ ಎಳೆದರೆ ಹಗ್ಗ ವಾಪಸ್ಸು ತಲೆಯ ಮೇಲೇ ಬೀಳುತ್ತದೆ. ಪಾಲಾಗಿ ಮುಖ ನೋಡದ ದಿನಗಳಲ್ಲೂ ಅಣ್ಣ ತಮ್ಮಂದಿರು ಗಾಳಿಗಾಲದಲ್ಲಿ ಈ ಎರಡು ಮಾತು ಮಾತ್ರ ಬಿಟ್ಟಿರಲಿಲ್ಲ.

"ತುದಿಗೆ ಹಳೇ ಕಬ್ಬಿಣ ಕಟ್ಟಿ ಆ ಕಡೆ ಇಳಿಬಿಡ್ತೀನಿ. ಭಾರಕ್ಕಾದ್ರೂ ನಿಲ್ಲುತ್ತೇನೋ," ಎಂದ ಬಾವ.

"ನಿಂತ ಹಾಗೇ ಇದೆ," ಎಂದಳು ಹೆಂಡತಿ.

ತಗಡಿನ ಮೇಲೆ ಏನೋ ಧಡಧಡ ಉರುಳಿತು. ದಿಂಬಿನಕ್ಕನ ಅಡುಗೆಮನೆಯ ಹೊರಗೆ ಕಬ್ಬಿಣದ ತುಂಡೊಂದು ನೆಲ ಮುಟ್ಟಿ ಕೂತಿತು. ಹಿಂದೆಯೇ ಬಾವನ ದನಿ ಬಂತು.

"ಬಂತಾ?"

ಗಾಳಿ ಒಂದು ಸುತ್ತು ಬೀಸಿ ಹೋಯಿತು.

"ಯಾರನ್ನ ಕೇಳ್ತಿದೀರಿ ನೀವು?" ಎಂದಳು ಅವನ ಹೆಂಡತಿ, ಮೆಲ್ಲಗೆ.

ಬಾವ ಕೇಳಿದ್ದು ತನ್ನ ಗಂಡನನ್ನು ಎಂದು ದಿಂಬಿನಕ್ಕನಿಗೆ ಗೊತ್ತಾಯಿತು. ಅವನು ಹೋದ ಮೇಲೆ ಮನೆಯ ಈ ಕಡೆಗೆ ಯಾರೂ ಯಾವ ಮಾತನ್ನೂ ಎಸೆದಿರಲಿಲ್ಲ. ದುಃಖ ಒತ್ತರಿಸಿ ಬಂತು. ಹಿತ್ತಿಲ ಬಾಗಿಲು ದಾಟಿ ಹಗ್ಗದ ಬಳಿ ಕೂತಳು, ಕಬ್ಬಿಣ ಬಿಚ್ಚಿದಳು, ಬಳೆಗೆ ಸುತ್ತಿ ಗಂಟು ಹಾಕಿದಳು. ಅದನ್ನೇನೋ ಬಾಯಿ ಮುಚ್ಚಿಕೊಂಡು ಮಾಡಬಹುದಿತ್ತು. ಆದರೆ ಬಂತು ಎನ್ನದೆ ಬಾವ ಎಳೆಯುವುದಿಲ್ಲ, ಎಳೆಯದಿದ್ದರೆ ಹಗ್ಗ ಸಡಿಲ, ಸಡಿಲಾದರೆ ಮಾಡು ಹಾರಿ ಹೋಗುತ್ತದೆ, ಅವರದ್ದೂ ಇವಳದ್ದೂ. ಅಂದರೆ ಇಷ್ಟು ರಜೆಗಳ ಮಾನವೆಲ್ಲ ಈಗ ಒಂದು ಮಾತಿನ ಮೇಲೆ ನಿಂತಿತ್ತು. ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"ಬಂತು."

ಆಚೆ ಸ್ಪ್ಯಾನರೋ ಏನೋ ಕೈಜಾರಿ ಬಿತ್ತು. "ಯಾರಮ್ಮಾ ಅದು?"

"ನಾನು, ಬಾವ. ಕಟ್ಟಿದೀನಿ. ಎಳೀರಿ."

ಹಗ್ಗ ಬಿಗಿಯಿತು, ತಗಡು ಒಮ್ಮೆ ಕರಕರ ಎಂದು ಕೂತಿತು. ಉಳಿದ ಹಗ್ಗಗಳೂ ಒಂದೊಂದಾಗಿ ಬಂದವು. ಬಂತಾ, ಬಂತು.

ಕೆಲಸ ಮುಗಿಸಿ ಅವಳು ಕೈಚೀಲ ಹಿಡಿದು ಗೇಟಿನ ಬೀಗ ತೆಗೆದಾಗ ಓರಗಿತ್ತಿ ಆಗಲೇ ಬಂದು ನಿಂತಿದ್ದಳು. ಮುಂಬಾಗಿಲ ಬೀಗವನ್ನೊಮ್ಮೆ ನೋಡಿದಳು, ಇವಳನ್ನೊಮ್ಮೆ ನೋಡಿದಳು.

"ತಮ್ಮನ ಮನೆಯಿಂದ ಯಾವಾಗ ಬಂದೆ?"

"ಹೋಗಿರ್ಲಿಲ್ಲ ಅಕ್ಕ."

"ಹೋದ ರಜೆಲಿ ಹೋಗಿದ್ಯಲ್ಲ?"

"ಇಲ್ಲ."

"ಅದಕ್ಕೂ ಮುಂಚೆ?"

ದಿಂಬಿನಕ್ಕ ನೆಲ ನೋಡಿದಳು. ಓರಗಿತ್ತಿಗೆ ಎಲ್ಲ ಒಂದೊಂದಾಗಿ ಹೊಳೆಯುತ್ತಿತ್ತು. "ರಾತ್ರಿ ಪಾತ್ರೆ ಸದ್ದಾಗ್ತಿತ್ತು. ಇಲಿ ಅಂದ್ಕೊಂಡ್ವಲ್ಲೇ ನಾವು. ಇವರು ಬೋನು ತಂದು ಗೋಡೆ ಹತ್ರ ಇಟ್ರು."

"ಗೊತ್ತು. ನೀವು ಇಲಿಗೆ ಬೈಯೋದು ಕೇಳಿಸ್ತು. ಆವತ್ತಿಂದ ರಾತ್ರಿ ಪಾತ್ರೆ ಮುಟ್ಟಲಿಲ್ಲ."

ಬಸ್ಸು ಬಂದು ನಿಂತಿತು. ಕೆಳಗಿಳಿದವನೊಬ್ಬ ಬೀಗ ನೋಡಿ, "ಇದು ಖಾಲಿ ಮನೆ, ಮುಂದೆ ನಡೀರಿ" ಎಂದು ಡ್ರೈವರಿಗೆ ಕೂಗಿದ. ಕುಂಟುತ್ತ ಬಂದ ಬಾವ ಅವನ ಭುಜ ಹಿಡಿದು ನಿಲ್ಲಿಸಿ, "ಖಾಲಿ ಅಲ್ಲ. ನಮ್ಮವಳಿದಾಳೆ" ಎಂದ.

ಬಸ್ಸಿನಲ್ಲಿ ಓರಗಿತ್ತಿ ಮಗಳನ್ನು ಹಿಂದಕ್ಕೆ ಕಳಿಸಿ ಇವಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಶಾಲೆಯ ಕಟ್ಟಡ ಕಾಣತೊಡಗಿದಾಗ, "ನಿಮ್ಮ ಅಂಗಡಿಯವರು ಕೇಳಿದ್ರೆ, ಈ ಸಲ ತಮ್ಮ ಅಲ್ಲ, ನಾವೇ ಕರೆದಿದ್ವಿ ಅಂತೀನಿ," ಎಂದಳು.

"ಹೂಂ ಅಕ್ಕ."

ಇನ್ನೊಂದು ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು. ಓರಗಿತ್ತಿ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಮತ್ತೆ ಕೇಳಿದಳು. "ಅಳು ಬರ್ತಿರ್ಲಿಲ್ವೇನೇ? ಪಾತ್ರೆ ಸದ್ದು ಕೇಳ್ತಿತ್ತು. ಅಳೋ ಸದ್ದು ಒಂದಿನಾನೂ ಕೇಳ್ಲಿಲ್ಲ."

"ದಿಂಬಿದೆಯಲ್ಲ ಅಕ್ಕ," ಎಂದಳು ದಿಂಬಿನಕ್ಕ. "ನಾನೇ ಹೊಲಿದಿದ್ದು. ಚೆನ್ನಾಗಿ ಹತ್ತಿ ತುಂಬಿದೀನಿ."