ಬೆನ್ನ ಹಿಂದಿನ ತೋಡು

ಮಲ್ಪೆಯ ಉಮಾವತಿಯವರಿಗೆ ಕಡಲಿನ ವಿಷಯ ಹೇಳಿಕೊಡಲು ಹೋದವರು ಬಾಯಿ ಮುಚ್ಚಿಕೊಂಡು ವಾಪಸು ಬರುತ್ತಿದ್ದರು. ಪರದೇಶದ ಆಲ್ಮೆರೆ ಎಂಬ ಊರಿನಲ್ಲಿದ್ದ ಮಗಳು ತನುಶ್ರೀಯ ಮನೆಗೆ ಬಂದು ಇನ್ನೂ ಮೂರು ವಾರ. ಅಷ್ಟರಲ್ಲೇ ಅಲ್ಲಿನ ಮೀನಂಗಡಿಯವನಿಗೆ ಬಂಗುಡೆಯ ಕಿವಿರು ಎತ್ತಿ ನೋಡುವುದನ್ನು ಕಲಿಸಿ ಆಗಿತ್ತು. ಆದ್ದರಿಂದ ಅಕ್ಟೋಬರಿನ ಆ ಮಧ್ಯಾಹ್ನ, ಹಕ್ಕಿ ನೋಡಲೆಂದು ಮೂವರೂ ಬಂದಿದ್ದ ಟೆರ್ಸ್ಕೆಲಿಂಗ್ ದ್ವೀಪದಲ್ಲಿ, ಕಡಲು ತಡೆಯುವ ಏರಿಯಿಂದ ಬಹುದೂರ, ಇಳಿತಕ್ಕೆ ಬಯಲಾದ ಕೆಸರಿನ ಮೇಲೆ ನಿಂತು ಅಳಿಯ ಈಶಾನ್ ಫೋನಿನಲ್ಲಿ ಉಬ್ಬರದ ವೇಳೆ ನೋಡಲು ಹೊರಟಾಗ ಆಕೆ ಕೈಬೀಸಿಬಿಟ್ಟರು.

"ಅದೆಲ್ಲ ಎಂತಕ್ಕೆ? ನೀರು ಅಲ್ಲಿ ದೂರ ಉಂಟಲ್ಲ, ಕಾಣುದಿಲ್ವಾ? ಇನ್ನೂ ಒಂದು ಗಂಟೆ ಆರಾಮಲ್ಲಿ ನಿಲ್ಬಹುದು."

"ನೀವು ಕಡಲಿನ ಮಂದಿ ಅತ್ತಿ. ನೀವ ಹೇಳಿದ ಮ್ಯಾಲೆ ಮುಗೀತು," ಅಂದ ಈಶಾನ್. ಗದಗಿನವನು; ಅವನು ಬೆಳೆದದ್ದು ಕೆರೆ ತುಂಬಿದರೆ ಊರಿಗೆ ಊರೇ ನೋಡಲು ಹೋಗುವ ಕಡೆ. ಫೋನು ಜೇಬಿಗೆ ಹೋಯಿತು.

ಗಾಳಿ ನಿಂತವರನ್ನು ನಿಲ್ಲಗೊಡುತ್ತಿರಲಿಲ್ಲ. ಮೂಗು ಸೋರುವ ತನುಶ್ರೀ ಬಾಡಿಗೆ ಕೋಣೆಯಲ್ಲೇ ಉಳಿದದ್ದು ಒಳ್ಳೆಯದಾಯಿತು. ಈಶಾನ್ ಟ್ರೈಪಾಡ್ ಕೆಸರಿಗೆ ಊರಿ ದುರ್ಬೀನು ಸರಿಮಾಡಿದ. ಉತ್ತರದಿಂದ ಇಳಿದು ಬಂದ ಹಕ್ಕಿಗಳು, ಸಾವಿರವೋ ಹತ್ತು ಸಾವಿರವೋ, ದೂರದ ನೀರಂಚಿನಲ್ಲಿ ಕೊಕ್ಕು ಚುಚ್ಚುತ್ತ ನಡೆಯುತ್ತಿದ್ದವು. ಸ್ವಲ್ಪ ಹೊತ್ತಿಗೆ ಅವು ಎದ್ದು ಇನ್ನಷ್ಟು ಹತ್ತಿರ ಕುಳಿತವು. ಮತ್ತೆ ಎದ್ದವು, ಮತ್ತೂ ಹತ್ತಿರ.

"ನಮ್ಮ ಕಡೀಗೇ ಬರಾಕತ್ತಾವ ನೋಡ್ರಿ!"

ಇಬ್ಬರಿಗೂ ಖುಷಿಯೋ ಖುಷಿ. ಹಕ್ಕಿಗಳನ್ನು ನೀರು ಅಟ್ಟಿಕೊಂಡು ಬರುತ್ತಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಹಾರಿಹೋಗುತ್ತಿದ್ದ ಶಾಲು ಹಿಡಿಯಲು ಉಮಾವತಿಯವರು ಹಿಂದೆ ತಿರುಗಿದರು. ಬರುವಾಗ ಪಾದ ಮುಳುಗದಷ್ಟು ನೀರಿದ್ದ ತೋಡು ಈಗ ಹೊಳೆಯಾಗಿತ್ತು. ಅದರಾಚೆಗೆ ಏರಿ, ಏರಿಯ ಮೇಲೆ ಸಾಸಿವೆ ಕಾಳಿನಷ್ಟು ಕುರಿಗಳು. ಮಲ್ಪೆಯಲ್ಲಿ ಕಡಲು ಎದುರಿನಿಂದ ಬರುತ್ತದೆ, ಕಾಲು ತೊಳೆದು ಹಿಂದಕ್ಕೆ ಹೋಗುತ್ತದೆ. ಬೆನ್ನ ಹಿಂದಿನಿಂದ ಬಂದು ಸುತ್ತುವರಿಯುವ ಕಡಲನ್ನು ಆಕೆ ಕಂಡದ್ದಿಲ್ಲ, ಕೇಳಿದ್ದೂ ಇಲ್ಲ.

"ಈಶಾನ್, ಹೊರಡಿ. ಈಗಲೇ."

ಅವನು ತಿರುಗಿ ನೋಡಿದ. ಮುಖ ಬಿಳಿಚಿತು. ದುರ್ಬೀನು ಕಳಚಿ ಚೀಲಕ್ಕೆ ತುರುಕಿದ. ಟ್ರೈಪಾಡನ್ನು ಉಮಾವತಿಯವರು ಕಿತ್ತುಕೊಂಡು, ಮಡಚಿ, ಆಳ ನೋಡುವ ಕೋಲು ಮಾಡಿಕೊಂಡರು.

ನೀರು ಗಂಬೂಟಿನೊಳಗೆ ಇಳಿದಾಗ ಜೀವ ಹೋಗುವಷ್ಟು ತಣ್ಣಗಿತ್ತು. ಮೊಣಕಾಲು. ತೊಡೆ. ಕೆಸರು ಒಂದೊಂದು ಹೆಜ್ಜೆಯನ್ನೂ ಹಿಡಿದುಕೊಂಡು ಮನಸ್ಸಿಲ್ಲದೆ ಬಿಡುತ್ತಿತ್ತು. ಸೊಂಟಕ್ಕೆ ಬಂದಾಗ ಈಶಾನ್ ನಿಂತುಬಿಟ್ಟ.

"ಅತ್ತಿ, ನಂಗ ಈಸಾಕ ಬರಂಗಿಲ್ಲ. ನಿಮಗ ಬರ್ತದಲ್ರಿ?"

ಉಮಾವತಿಯವರ ತಂದೆಗೆ ದೋಣಿಯಿತ್ತು, ನಿಜ. ಆದರೆ ಅದನ್ನು ಹೆಣ್ಣುಮಕ್ಕಳು ಮುಟ್ಟುವಂತಿರಲಿಲ್ಲ. ಮೂವತ್ತು ವರ್ಷ ಸಹಕಾರಿ ಬ್ಯಾಂಕಿನಲ್ಲಿ ಠಸ್ಸೆ ಒತ್ತಿದ ಆಕೆ ಮೀನಖಂಡ ಮುಳುಗುವುದಕ್ಕಿಂತ ಆಳಕ್ಕೆ ಕಡಲಿಗೆ ಇಳಿದವರೇ ಅಲ್ಲ. ಅವನ ಕಣ್ಣು ನೋಡಿದರು. ಬರುವುದಿಲ್ಲ ಎಂದರೆ ಅವನು ಅಲ್ಲೇ ಕುಸಿಯುತ್ತಾನೆ ಎಂದು ಗೊತ್ತಾಯಿತು.

"ಬರ್ತದೆ ಮಗಾ, ಮತ್ತೆ ಬರುದಿಲ್ವಾ? ನೀನು ನನ್ನ ಸೊಂಟ ಹಿಡ್ಕೊ. ನೀರು ನೋಡ್ಬೇಡ, ಕುರಿ ನೋಡು."

ಮದುವೆಯಾಗಿ ಆರು ವರ್ಷದಲ್ಲಿ ಅಳಿಯನನ್ನು ಆಕೆ ನೀನು ಎಂದದ್ದು ಅದೇ ಮೊದಲು. ಕೋಲು ಊರಿ, ಸಿಕ್ಕಿದ ನೆಲಕ್ಕೆ ಕಾಲಿಟ್ಟು, ಒಳಗೊಳಗೆ ಎಲ್ಲ ದೈವಗಳನ್ನೂ ಕರೆಯುತ್ತ ನಡೆದರು. ಒಮ್ಮೆ ಕೋಲಿಗೆ ತಳವೇ ಸಿಗಲಿಲ್ಲ. ಉಸಿರು ಬಿಗಿಹಿಡಿದು ಎಡಕ್ಕೆ ಸರಿದರು. ನೀರು ಎದೆಗೆ ಬಂತು, ಅಲ್ಲೇ ನಿಂತಿತು, ಮತ್ತೆ ಆಚೆ ದಡ ಏರಿದಂತೆ ನಿಧಾನವಾಗಿ ಇಳಿಯಿತು.

ಸಂಜೆ ಬಾಡಿಗೆ ಕೋಣೆಯಲ್ಲಿ ಕಂಬಳಿ ಹೊದ್ದು ಕುಳಿತ ಈಶಾನ್ ಹೆಂಡತಿಗೆ ಇಡೀ ಕಥೆ ಹೇಳಿದ. ಉತ್ಸಾಹ ಉಕ್ಕುತ್ತಿತ್ತು.

"ನಿಮ್ಮವ್ವ ಜೋಡಿ ಇದ್ದಾಗ ನಂಗೇನ ಅಂಜಿಕಿ? ಈಸಾಕ ಬರೋರು! ನಾಳೆ ಇನ್ನೂ ಒಳಗ ಹೋಗೋಣ್ರಿ ಅತ್ತಿ, ಅಲ್ಲಿ ಹಕ್ಕಿ ಭಾಳ ಇರ್ತಾವಂತ."

ತನುಶ್ರೀ ತಾಯಿಯ ಕಡೆ ನೋಡಿದಳು. ತಾಯಿಗೆ ಈಜು ಬಾರದೆಂದು ಅವಳಿಗೆ ಗೊತ್ತಿತ್ತು. ಉಮಾವತಿಯವರಿಗೆ ನೀರಿನಲ್ಲಿದ್ದಾಗಿನದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಸುಮ್ಮನೆ ಕುಳಿತರೆ ಮರ್ಯಾದೆ ಉಳಿಯುತ್ತದೆ, ನಾಳೆ ಹುಡುಗ ಉಳಿಯುವುದಿಲ್ಲ.

"ನಂಗೆ ಈಜು ಬರುದಿಲ್ಲ ಮಗಾ," ಅಂದರು. "ಈ ಕಡಲು ಸಹ ಗೊತ್ತಿಲ್ಲ. ಒಂದು ಗಂಟೆ ಉಂಟು ಅಂತ ಹೇಳಿದ್ದು ಸುಮ್ಮನೆ, ಜಂಬಕ್ಕೆ."

ಈಶಾನ್ ನಕ್ಕ, ತಮಾಷೆ ಎಂದುಕೊಂಡು. ಆಮೇಲೆ ಆಕೆಯ ಮುಖ ನೋಡಿದ. ನೀರಿನ ನಡುವೆ ಆಕೆಯ ಸೊಂಟವನ್ನು ಗಟ್ಟಿಯಾಗಿ ಹಿಡಿದಿದ್ದ ಕೈಯಿಂದ ಚಹಾದ ಕಪ್ಪು ಕೆಳಗಿಟ್ಟು, ಹೆಂಡತಿಯ ಫೋನು ಎತ್ತಿಕೊಂಡು ಇವತ್ತಿನ ಉಬ್ಬರದ ವೇಳೆ ಹುಡುಕತೊಡಗಿದ.