ಹಾಡು ನೆಗೆಯುವ ಜಾಗ

ಹಾಡು ಆ ಜಾಗಕ್ಕೆ ಬಂತು. ಕಟಿಂಗ್ ಮಾಸ್ಟ್ರು ಟೀ ಲೋಟ ಕೆಳಗಿಟ್ಟು, ಅನ್ನದಲ್ಲಿ ಕಲ್ಲು ಸಿಕ್ಕವರಂತೆ ಮುಖ ಮಾಡಿ, ಲೊಚ್ ಎಂದು ನಾಲಿಗೆ ಬಡಿದರು. ಅದೇ ಗಳಿಗೆಗೆ ಹೊಲಿಗೆಯಕ್ಕ ಸೂಜಿಯನ್ನು ಗಾಳಿಯಲ್ಲೇ ನಿಲ್ಲಿಸಿ, ಕಣ್ಣು ಮುಚ್ಚಿ, "ಆಹಾ" ಎಂದಳು. ಇಪ್ಪತ್ತೆರಡು ವರ್ಷಗಳಿಂದ ಆ ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಸಂಜೆಯ ಟೀ ಹೊತ್ತಿಗೆ ಈ ಲೊಚ್ಚೂ ಈ ಆಹಾವೂ ತಪ್ಪಿದ್ದಿಲ್ಲ. ಇಬ್ಬರ ನಡುವೆ ಕೂತು ಮೈದಾ ಅಂಟು ಕಲಸುತ್ತಿದ್ದ ಅಂಟಣ್ಣ ಮಾತ್ರ ಆ ಹೊತ್ತಿಗೆ ಸರಿಯಾಗಿ ಡಬ್ಬಿಯೊಳಗೆ ಏನೋ ಬಿದ್ದಿದೆ ಎನ್ನುವ ಹಾಗೆ ಬಗ್ಗಿ ನೋಡುತ್ತಿದ್ದ.

ಹಾಡು ದೊಡ್ಡದೇನಲ್ಲ, ಮೂರು ನಿಮಿಷದ್ದು. ಬೀಗದ ಕೈ ಗೊಂಚಲನ್ನು ಯಾರೋ ಖುಷಿಗೆ ಅಲ್ಲಾಡಿಸುತ್ತಿರುವಂಥ ಗಿಟಾರು, ನಡುನಡುವೆ ಸೈಕಲ್ಲಿನ ಗಂಟೆ. ಒಬ್ಬ ಹುಡುಗ ಒಂದು ಮನೆಯ ಕೆಳಗೆ ಸೈಕಲ್ ನಿಲ್ಲಿಸಿ ಗಂಟೆ ಹೊಡೆಯುತ್ತಾನೆ. ಮೇಲಿನ ಕಿಟಕಿಯಿಂದ ಹುಡುಗಿ ಇಣುಕುತ್ತಾಳೆ. ಇಳಿದು ಬರುತ್ತೀಯಾ ಎಂದು ಇವನು ಕೇಳುತ್ತಾನೆ. ಅವಳು ಬಂದಳೋ ಬಿಟ್ಟಳೋ, ಒಂದನ್ನೂ ಹೇಳದೆ ಹಾಡು ಫಕ್ಕನೆ ನೆಗೆದು ಮತ್ತೆ ಪಲ್ಲವಿಗೆ ಹೋಗಿ ಬೀಳುತ್ತದೆ. ನಾಲ್ಕು ಜನ ಹುಡುಗರು ಸೇರಿ ಅದೊಂದೇ ಕ್ಯಾಸೆಟ್ ಮಾಡಿ ಆಮೇಲೆ ತಮ್ಮ ತಮ್ಮ ಕೆಲಸ ನೋಡಿಕೊಂಡರಂತೆ. ರೇಡಿಯೋದಲ್ಲಾಗಲಿ ಮದುವೆಮನೆಯಲ್ಲಾಗಲಿ ಆ ಹಾಡು ಯಾರ ಕಿವಿಗೂ ಬಿದ್ದಿರಲಿಲ್ಲ. ಹೊಲಿಗೆಯಕ್ಕನ ತಮ್ಮ ಎಲ್ಲೋ ರಸ್ತೆಬದಿಯಲ್ಲಿ ಕೊಂಡು ತಂದಿದ್ದ. ಮನೆಯಲ್ಲಿ ಟೇಪ್ ರೆಕಾರ್ಡರ್ ಇಲ್ಲದ್ದಕ್ಕೆ ಅವಳು ಅಂಗಡಿಗೆ ತಂದಿಟ್ಟಿದ್ದಳು. ಅಂಗಡಿಯವರಿಗೆ ಅದು ತಮ್ಮದೇ ಹಾಡಾಗಿ ಹೋಗಿತ್ತು.

ಆ ನೆಗೆತದ ಮೇಲೇ ಎಲ್ಲ ಚರ್ಚೆ. ಹೊಲಿಗೆಯಕ್ಕನ ಪ್ರಕಾರ ಹಾಡಿನ ಜೀವ ಇರುವುದೇ ಅಲ್ಲಿ. ಪ್ರೀತಿ ಮಾಡುವ ಹುಡುಗನ ಎದೆ ಒಂದೊಂದೇ ಮೆಟ್ಟಿಲು ಎಣಿಸಿಕೊಂಡು ಇಳಿಯುತ್ತದೆಯೇ, ಎರಡು ಮೆಟ್ಟಿಲು ಒಟ್ಟಿಗೆ ಹಾರುತ್ತದೆ, ಅದನ್ನೇ ಆ ಹುಡುಗರು ಗಿಟಾರಿನಲ್ಲಿ ತೋರಿಸಿದ್ದಾರೆ ಎಂದು ಅವಳ ವಾದ. ಅಚ್ಚಾದ ದೊಡ್ಡ ಹಾಳೆಗಳನ್ನು ಹದಿನಾರು ಪುಟದ ಫಾರಂಗಳಾಗಿ ಮಡಿಸುವ ಅವಳ ಸೊಸೆಯೂ ಅದಕ್ಕೆ ಹೂಂಗುಟ್ಟುತ್ತಿದ್ದಳು. ಅತ್ತೆ ಸೊಸೆ ಒಂದಾಗುತ್ತಿದ್ದ ವಿಷಯ ಅದೊಂದೇ.

ಮಾಸ್ಟ್ರಿಗೆ ಹಾಡು ಕಂಡರಾಗದು ಎಂದಲ್ಲ. ಗಿಟಾರು ಶುರುವಾದ ಕೂಡಲೇ ಅವರ ಹೆಬ್ಬೆರಳು ಮಷೀನಿನ ಕಬ್ಬಿಣದ ಮೇಲೆ ತಾಳ ಹಾಕುತ್ತಿತ್ತು. ಪ್ರೀತಿ ಇದ್ದುದಕ್ಕೇ ಆ ಜಾಗ ಅವರಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. "ಹದಿನಾರನೇ ಪುಟ ಆದ್ಮೇಲೆ ಮೂವತ್ತಮೂರು ಬಂದ್ರೆ ಗಿರಾಕಿ ಪುಸ್ತಕ ವಾಪಸ್ ತರ್ತಾನೆ, ಆಹಾ ಅನ್ನಲ್ಲ," ಎನ್ನುವರು. "ಅಲ್ಲೊಂದು ಫಾರಂ ಬಿಟ್ಟುಹೋಗಿದೆ. ಆ ಹುಡುಗಿ ಇಳಿದು ಬಂದ್ಲಾ, ಇಲ್ವಾ? ಅಷ್ಟು ಹೇಳಿ ಸಾಕು." ಹೇಳದೆ ಇರುವುದೇ ಚೆಂದ ಎಂದು ಅಕ್ಕ, ಹೇಳದಿದ್ದರೆ ಮೋಸ ಎಂದು ಇವರು. ಕೊನೆಗೆ ತೀರ್ಪಿಗೆ ಇಬ್ಬರೂ ಅಂಟಣ್ಣನ ಕಡೆ ತಿರುಗುವರು. ಅಂಟಣ್ಣ ಬ್ರಷ್ ಮೇಲೆತ್ತಿ, ಮಷೀನಿಗೆ ಬಿಡುವ ಎಣ್ಣೆಯಲ್ಲಿ ಎರಡು ತೊಟ್ಟು ಮಾಸ್ಟ್ರ ಕಿವಿಗೂ ಬಿಡಬೇಕು ಎಂದುಬಿಡುತ್ತಿದ್ದ. ಎಲ್ಲರೂ ನಗುವರು. ಮಾಸ್ಟ್ರೂ ನಗುವರು. ಆದರೆ ಮೊದಲೆಲ್ಲ ಕೆಲಸದ ನಡುವೆ ಗಂಟಲು ಬಿಟ್ಟು ಹಾಡುತ್ತಿದ್ದ ಮನುಷ್ಯ ಆ ನಗುವಿನಿಂದಾಗಿ ಬರಬರುತ್ತಾ ಹಾಡುವುದನ್ನು ಬಿಟ್ಟರು. ಅದನ್ನು ಬೇರೆ ಯಾರೂ ಗಮನಿಸಲಿಲ್ಲ. ಅಂಟಣ್ಣ ಗಮನಿಸಿದ್ದ.

ಏಕೆಂದರೆ ಅಲ್ಲಿ ನಿಜಕ್ಕೂ ನಾಲ್ಕು ಸಾಲು ಇದ್ದವು. ಅವು ಎಲ್ಲಿ ಹೋದವೆಂದು ಅಂಟಣ್ಣನಿಗೆ ಮಾತ್ರ ಗೊತ್ತಿತ್ತು.

ಕ್ಯಾಸೆಟ್ ಬಂದ ದಿನ ಹಾಡನ್ನು ಒಂದು ಸಲ ಹಾಕಿದ್ದರು. ಕಟಿಂಗ್ ಮಷೀನು ಧಡ್ ಧಡ್ ಎನ್ನುತ್ತಿದ್ದುದರಿಂದ ಯಾರಿಗೂ ಮಾತು ಸರಿಯಾಗಿ ಕೇಳಿಸಿರಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೊರಗೆ ಹೋದಾಗ ಅಂಟಣ್ಣ ತನ್ನ ಬುತ್ತಿ ಬಿಚ್ಚದೆ, ಬಾಗಿಲು ಓರೆ ಮಾಡಿ, ಹಾಡು ಹಾಕಿಕೊಂಡ. ಆಗಲೇ ಅವನಿಗೆ ಮೂವತ್ತೈದು ದಾಟಿತ್ತು. ಮೂರು ಮಾತಿಗೆ ಒಂದು ಮಾತಾಡುವವನೆಂದು ಹೆಸರು. ಇಂಥವನು ಪ್ರೇಮದ ಹಾಡು ಕೇಳುತ್ತಾ ಕೂತಿದ್ದಾನೆ ಎಂದು ಯಾರಾದರೂ ನೋಡಿದರೆ ಮುಖ ಎಲ್ಲಿಡುವುದು? ಒಂದು ಸಲ ಕೇಳಿದ. ಹಿಂದಕ್ಕೆ ಓಡಿಸಿ ಇನ್ನೊಂದು ಸಲ, ಮತ್ತೊಂದು ಸಲ. ನಾಲ್ಕನೇ ಸಲಕ್ಕೆ ಸರಿಯಾಗಿ ಆ ಸಾಲುಗಳು ಬರುವಾಗ ಯಂತ್ರ ಟೇಪನ್ನು ಜಗಿದುಬಿಟ್ಟಿತು.

ಹರಿದ ಹಾಳೆಯನ್ನು ಗೆರೆ ಕಾಣದಂತೆ ಕೂಡಿಸುವ ಕೈ ಅದು. ನುಜ್ಜಾದ ಭಾಗವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಎರಡು ತುದಿಗಳನ್ನು ಕೂದಲೆಳೆಯಷ್ಟೂ ಸಂದಿಲ್ಲದೆ ಅಂಟಿಸಿ, ಊಟ ಮುಗಿಸಿ ಎಲ್ಲರೂ ಬರುವಷ್ಟರಲ್ಲಿ ಕ್ಯಾಸೆಟ್ಟನ್ನು ಡಬ್ಬಿಯಲ್ಲಿಟ್ಟು ಕೂತಿದ್ದ. ಸಂಜೆ ಹೇಳಿಬಿಡೋಣ ಎಂದುಕೊಂಡ. ಸಂಜೆ ಹಾಡು ಆ ಜಾಗದಲ್ಲಿ ನೆಗೆಯಿತು. ಹೊಲಿಗೆಯಕ್ಕ ಮೊದಲ ಸಲ "ಆಹಾ" ಎಂದಳು, ಮಾಸ್ಟ್ರು ಮೊದಲ ಸಲ ಲೊಚ್ ಎಂದರು. ಹೇಳುವ ಬದಲು ಅಂಟಣ್ಣ ಮೊದಲ ಸಲ ಅಂಟಿನ ಡಬ್ಬಿಯೊಳಗೆ ಬಗ್ಗಿ ನೋಡಿದ. ಮೊದಲ ವಾರ ಹೆದರಿಕೆ, ಆಮೇಲೆ ನಾಚಿಕೆ, ಆಮೇಲೆ ರೂಢಿ. ಕ್ಯಾಸೆಟ್ಟಿನ ಹಿಂಬದಿಯ ಹಾಡಿನಲ್ಲೂ ಅಷ್ಟೇ ತುಂಡು ಹೋಗಿರಬೇಕು. ಅದನ್ನು ಯಾರೂ ಕೇಳುತ್ತಿರಲಿಲ್ಲ, ಪುಣ್ಯ.

ಈಗ ಮಾಸ್ಟ್ರಿಗೆ ಅರವತ್ತು ತುಂಬಿತ್ತು. ಶನಿವಾರ ಕೊನೆಯ ದಿನ. ಭಾನುವಾರ ಬೆಳಗಿನ ಬಸ್ಸಿಗೆ ಮಗಳ ಊರಿಗೆ. ಮಗಳು ಮನೆ ಕೆಳಗೆ ಅಪ್ಪನಿಗೆಂದೇ ಒಂದು ಕೋಣೆ ಮಾಡಿಸಿದ್ದಳು, ಮೊಮ್ಮಕ್ಕಳು ಗೋಡೆಗೆ ಬಣ್ಣ ಬಳಿದಿದ್ದರು. ಮಾಸ್ಟ್ರು ಅದನ್ನು ದಿನಕ್ಕೆ ಎರಡು ಸಲ ಹೇಳುತ್ತಿದ್ದರು. ಸೋಮವಾರದಿಂದ ಅಂಟಣ್ಣ ದಿನವೂ ಹೇಳಲು ಬಾಯಿ ತೆರೆದ, ದಿನವೂ ಬ್ರಷ್ ತೊಳೆದಿಟ್ಟು ಮನೆಗೆ ಹೋದ. ಮಾಸ್ಟ್ರು ಮುನಿಸಿಕೊಂಡು ಹೋದರೆ? ಒಟ್ಟಿಗೆ ಸವೆಸಿದ ಇಷ್ಟು ವರ್ಷ ಆ ಒಂದು ಮಾತಿನಲ್ಲಿ ಕೆಟ್ಟರೆ? ಹೇಳದೆ ಕಳಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಅವನನ್ನು ತಿನ್ನುತ್ತಿತ್ತು.

ಶನಿವಾರ ಟೀಗೆ ಸೊಸೆ ಬಿಸ್ಕತ್ತಿನ ದೊಡ್ಡ ಪೊಟ್ಟಣ ತಂದಿದ್ದಳು. ಹಾಡು ಹಾಕಿದರು. ಆ ಜಾಗ ಬಂತು, ನೆಗೆಯಿತು. ಮಾಸ್ಟ್ರು ಲೊಚ್ ಎನ್ನಲಿಲ್ಲ. ಹೊಲಿಗೆಯಕ್ಕ ಕಣ್ಣು ತೆರೆದು ನೋಡಿದಳು.

ಮಾಸ್ಟ್ರು ಟೇಪ್ ನಿಲ್ಲಿಸಿ, ಅಂಗಿಯ ಮೇಲಿನ ಕಾಗದದ ಚೂರು ಕೊಡವಿಕೊಂಡು, ಸಭೆಯಲ್ಲಿ ಮಾತಾಡುವವರ ಹಾಗೆ ಎದ್ದು ನಿಂತರು. "ಅಕ್ಕಾ, ನಾನು ಸೋತೆ ಅಂತ ಬರೆದಿಟ್ಕೊಳ್ಳಿ," ಎಂದರು. "ಇಷ್ಟು ಜನ ಚೆನ್ನಾಗಿದೆ ಅನ್ನೋವಾಗ ನನ್ನ ಕಿವೀಲೇ ಏನೋ ಐಬಿರಬೇಕು. ಹಾಡು ಸರಿಯಾಗೇ ಇದೆ. ಹೋಗೋ ಹೊತ್ತಲ್ಲಿ ಇದೊಂದು ಜಗಳ ಯಾಕೆ ಹೊತ್ಕೊಂಡು ಹೋಗ್ಲಿ?"

ಅಕ್ಕನಿಗೆ ಗೆದ್ದ ಖುಷಿ ಆಗಬೇಕಿತ್ತು. ಅವಳು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಮುಖ ಪಕ್ಕಕ್ಕೆ ತಿರುಗಿಸಿದಳು. ಅಂಟಣ್ಣನ ಕೈಯಿಂದ ಬ್ರಷ್ ಡಬ್ಬಿಯೊಳಗೆ ಜಾರಿ ಹಿಡಿಯವರೆಗೂ ಮುಳುಗಿತು.

"ನೀನು ಸೋತಿಲ್ಲ ಕಣೋ ಮಾಸ್ಟ್ರೇ," ಎಂದ. "ಅಲ್ಲಿ ನಾಲ್ಕು ಸಾಲು ಇತ್ತು. ಕತ್ತರಿಸಿದ್ದು ನಾನು."

ಅಕ್ಕ ನಕ್ಕಳು. ಹೋಗುವವರನ್ನು ಖುಷಿಪಡಿಸಲು ಅಣ್ಣ ಇಷ್ಟು ದೊಡ್ಡ ಸುಳ್ಳು ಹೇಳುವುದೇ ಎಂದಳು. ಸೊಸೆಯೂ ನಕ್ಕಳು. ಅಂಟಣ್ಣ ಎದ್ದು ಹೋಗಿ, ಗಿರಾಕಿಗಳಿಗೆ ರಟ್ಟಿಗೆ ಹಾಕುವ ಬಟ್ಟೆಗಳ ಬಣ್ಣ ತೋರಿಸುವ ಹಳೆಯ ಮಾದರಿ ಪುಸ್ತಕವನ್ನು ಮುಂದಿನ ಮೇಜಿನಿಂದ ತಂದು ಮಾಸ್ಟ್ರ ಮುಂದಿಟ್ಟ. ಕ್ಯಾಸೆಟ್ ಬಂದ ವಾರ ಅವನು ಕಟ್ಟುತ್ತಿದ್ದ ಪುಸ್ತಕ ಅದು. ಅದರ ಮೂರು ಅಂಚು ಕತ್ತರಿಸಿ ಕೊಟ್ಟಿದ್ದವರು ಮಾಸ್ಟ್ರೇ.

"ಬೆನ್ನು ಸೀಳು," ಎಂದ.

ಮಾಸ್ಟ್ರು ಚಾಕು ತೆಗೆದುಕೊಂಡರು. ಒಳ್ಳೆಯ ಬೈಂಡಿಂಗನ್ನು ಹಾಳು ಮಾಡಲು ಅವರಿಗೆ ಕೈ ಬರಲಿಲ್ಲ. ಒಂದು ಸಲ ಅಂಟಣ್ಣನ ಮುಖ ನೋಡಿ, ನಂತರ ಬೆನ್ನಿನ ಬಟ್ಟೆಯ ಮೇಲೆ ನೇರ ಗೆರೆ ಎಳೆದರು. ಬಟ್ಟೆಗೂ ಹೊಲಿಗೆಗೂ ನಡುವಿನ ಟೊಳ್ಳಿನಲ್ಲಿ ಮಡಿಸಿಟ್ಟ ಕಂದು ಬಣ್ಣದ ಪಟ್ಟಿಯೊಂದು ಇತ್ತು. ಮಾಸ್ಟ್ರು ಅದನ್ನು ಎರಡು ಬೆರಳಲ್ಲಿ ಎಳೆದು, ಎಲ್ಲವನ್ನೂ ಅಳೆಯುವ ಅಭ್ಯಾಸದಿಂದ ಮೊಣಕೈಗೆ ಹಿಡಿದು ಅಳೆದರು. ಒಂದು ಮೊಳ, ಮೇಲೆ ಆರು ಬೆರಳು. ಹಲ್ಲಲ್ಲಿ ಕಚ್ಚಿದ ಹಾಗೆ ಉದ್ದಕ್ಕೂ ಸುಕ್ಕು.

ಎಲ್ಲವನ್ನೂ ಹೇಳಬೇಕಾಯಿತು. ಬಾಗಿಲು ಓರೆ ಮಾಡಿದ್ದು, ಬುತ್ತಿ ಬಿಚ್ಚದೆ ಕೂತಿದ್ದು, ನಾಲ್ಕನೇ ಸಲದ್ದು. ತನ್ನ ಕ್ಯಾಸೆಟ್ಟನ್ನು ಕೇಳದೆ ಮುಟ್ಟಿದ್ದಕ್ಕೆ ಅಕ್ಕ ಬೈಯಲು ಹೊರಟಿದ್ದಳು; ನಾಲ್ಕನೇ ಸಲ ಎಂಬಲ್ಲಿಗೆ ಬಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. "ಅಣ್ಣ, ನೀವು? ಊಟ ಬಿಟ್ಟು?" ಎಂದಳು. ಸೊಸೆ ಮಡಿಸುತ್ತಿದ್ದ ಫಾರಮ್ಮನ್ನೇ ಮುಖಕ್ಕೆ ಅಡ್ಡ ಹಿಡಿದುಕೊಂಡಳು. ಅಂಟಣ್ಣನ ಕಿವಿ ಕೆಂಪಾಯಿತು. ಇಪ್ಪತ್ತೆರಡು ವರ್ಷ ಹೆದರಿದ್ದ ನಗು ಕೊನೆಗೂ ಬಂದಿತ್ತು. ಬಂದ ಮೇಲೆ ನೋಡಿದರೆ ಅಷ್ಟೇನೂ ದೊಡ್ಡದಾಗಿರಲಿಲ್ಲ.

ಮಾಸ್ಟ್ರು ಮಾತ್ರ ನಗಲಿಲ್ಲ. ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ಈಗ ಬೈಯುತ್ತಾರೆ, ಈಗ ಎದ್ದು ಹೋಗುತ್ತಾರೆ ಎಂದು ಅಂಟಣ್ಣ ಕಾದ.

"ಬಂದ್ಲಾ?" ಎಂದರು ಮಾಸ್ಟ್ರು.

"ಏನು?"

"ಆ ಹುಡುಗಿ. ಇಳಿದು ಬಂದ್ಲಾ?"

"ಬಂದ್ಲು," ಎಂದ ಅಂಟಣ್ಣ.

ಹೇಳು ಎಂದರೆ ಬರೀ ಮಾತಿನಲ್ಲಿ ಆ ಸಾಲುಗಳು ನೆನಪಿಗೆ ಬರಲಿಲ್ಲ. ರಾಗ ಹಿಡಿದರೆ ಮಾತ್ರ ಬರುತ್ತಿದ್ದವು. ಹಾಡೇಬೇಕಾಯಿತು. ಎಣ್ಣೆ ಕಾಣದ ಬಾಗಿಲಿನಂಥ ದನಿಯಲ್ಲಿ, ಗೋಡೆ ನೋಡಿಕೊಂಡು, ಅಂಟಣ್ಣ ಹಾಡಿದ. ಮೊದಲೆರಡು ಸಾಲು ಹುಡುಗನದು, ಆಮೇಲಿನೆರಡು ಅವಳ ಉತ್ತರ:

ಓಡಿ ಇಳಿದು ಬಂದೆ ನೀನು, ಒಂದೇ ಕಾಲಿಗೆ ಚಪ್ಪಲಿ,
ಇನ್ನೊಂದೆಲ್ಲಿ ಎಂದು ಕೇಳಲು ನಗೆಯೊಂದೇ ನಿನ್ನ ತುಟಿಯಲಿ.
ಹುಡುಕಿಕೊಂಡು ಕೂತಿದ್ದರೆ ಹೊತ್ತು ಮೀರಿ ಹೋಗುತಿತ್ತು,
ನಿನ್ನ ಗಂಟೆ ಬೀದಿ ತಿರುವಲಿ ದೂರವಾಗಿ ಬಿಡುತಿತ್ತು.

ಮುಗಿದ ಮೇಲೆ ಸೊಸೆ ಕೆಳಗೆ ಬಿಟ್ಟಿದ್ದ ತನ್ನ ಚಪ್ಪಲಿ ನೋಡಿಕೊಂಡಳು. ಹೊಲಿಗೆಯಕ್ಕ ಯೋಚಿಸಿ ತೀರ್ಪು ಕೊಟ್ಟಳು. ಸಾಲುಗಳು ಚೆನ್ನಾಗಿವೆ, ಚಪ್ಪಲಿಯಂತೂ ಬಹಳ ಚೆನ್ನಾಗಿದೆ; ಆದರೂ ನೆಗೆತವೇ ಮೇಲು, ತಾನು ಸೋಲುವುದಿಲ್ಲ. ಸೊಸೆ ಮೊದಲ ಬಾರಿ ಅತ್ತೆಯ ಪಕ್ಷ ಬಿಟ್ಟು, ಹುಡುಗಿ ಬಂದದ್ದೇ ಒಳ್ಳೆಯದಾಯಿತು ಎಂದಳು. ಇನ್ನು ಮನೆಯಲ್ಲೂ ಈ ಜಗಳ ಎಂದು ಅಕ್ಕ ಗೊಣಗಿದಳು.

ಮಾಸ್ಟ್ರು ಆಗ ಬಾಯಿ ಬಿಟ್ಟರು. ದನಿ ಎತ್ತರಿಸಲಿಲ್ಲ. "ಎಣ್ಣೆ ಬಿಡಬೇಕು ಅಂತಿದ್ಯಲ್ಲೋ," ಎಂದರು. "ದಿನಾ ಅಂತಿದ್ದೆ. ನಾನು ಒಂದ್ಸಲ ನಿಜವಾಗ್ಲೂ ಕಿವಿ ಡಾಕ್ಟ್ರ ಹತ್ರ ಹೋಗಿದ್ದೆ, ಗೊತ್ತಾ?"

ಅಂಟಣ್ಣನಿಗೆ ಗೊತ್ತಿರಲಿಲ್ಲ. ಅವನು ತಲೆ ತಗ್ಗಿಸಿದ. ಅಂಟು ಒಣಗಿ ಬಿಳಿಯಾದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿದ. "ತಪ್ಪಾಯ್ತು," ಎಂದ.

"ಏನೂ ಇಲ್ಲ, ಕಿವಿ ಹುಡುಗರ ಕಿವಿ ಹಾಗಿದೆ ಅಂದ್ರು ಡಾಕ್ಟ್ರು," ಎಂದರು ಮಾಸ್ಟ್ರು. ಮತ್ತೆ ಪಟ್ಟಿಯನ್ನು ಬೆರಳಿಗೆ ಸುತ್ತಿದರು. "ಮೂರನೇ ಸಾಲು ಇನ್ನೊಂದ್ಸಲ ಹೇಳು. ಹುಡುಕಿಕೊಂಡು ಕೂತಿದ್ದರೆ, ಆಮೇಲೆ?"

ಅಂಟಣ್ಣ ಹೇಳಿದ. ಮಾಸ್ಟ್ರು ತುಟಿಯಲ್ಲೇ ಹೇಳಿಕೊಂಡರು. ಎರಡು ಸಲ, ಮೂರು ಸಲ ಆಯಿತು. ನಂತರ ಪಟ್ಟಿಯನ್ನು ಅಂಗಿಯ ಜೇಬಿಗೆ ಇಳಿಬಿಟ್ಟು, ಸ್ಟೂಲನ್ನು ಟೇಪ್ ರೆಕಾರ್ಡರಿನ ಹತ್ತಿರ ಎಳೆದುಕೊಂಡು ಕೂತರು. ಹಾಡನ್ನು ಮೊದಲಿಗೆ ಓಡಿಸಿದರು.

ಗಿಟಾರು ಗಲಗಲ ಎಂದಿತು. ಸೈಕಲ್ಲಿನ ಗಂಟೆ ಹೊಡೆಯಿತು. ಹುಡುಗ ಕಿಟಕಿಯ ಕೆಳಗೆ ಬಂದ. ಇಳಿದು ಬರುತ್ತೀಯಾ ಎಂದು ಕೇಳಿದ. ಮಷೀನಿನ ಅಲಗನ್ನು ಗೆರೆಯ ಮೇಲೆ ಇಳಿಸುವವರ ಹಾಗೆ ಮಾಸ್ಟ್ರು ಆ ಜಾಗಕ್ಕೆ ಸರಿಯಾಗಿ ಗುಂಡಿ ಒತ್ತಿ ಹಾಡು ನಿಲ್ಲಿಸಿದರು. ಅಂಟಣ್ಣನ ಕಡೆ ತಿರುಗಿ ಗದ್ದ ಎತ್ತಿದರು. ಅಂಟಣ್ಣ ಶುರುಮಾಡಿದ, ಎರಡನೇ ಸಾಲಿಗೆ ಮಾಸ್ಟ್ರ ದನಿಯೂ ಸೇರಿತು, ಗಂಟಲು ಬಿಟ್ಟು. ಹೊಲಿಗೆಯಕ್ಕ ದಾರ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೂತಿದ್ದಳು. ಸಾಲು ಮುಗಿದ ಕೂಡಲೇ ಪಲ್ಲವಿ ಬಿಡಲು ಮಾಸ್ಟ್ರ ಬೆರಳು ಗುಂಡಿಯ ಮೇಲೇ ಕಾಯುತ್ತಿತ್ತು. ಜೇಬಿನಿಂದ ಹೊರಗೆ ಇಳಿದಿದ್ದ ಕಂದು ಪಟ್ಟಿಯ ತುದಿ ಫ್ಯಾನಿನ ಗಾಳಿಗೆ ಮೆಲ್ಲಗೆ ಅಲ್ಲಾಡುತ್ತಿತ್ತು.