ಗಸಿ ತಿನ್ನುವ ವಯಸ್ಸು

ಜನಾಜಾ ಗಲ್ಲಿಯ ತಿರುವು ದಾಟುತ್ತಿದ್ದಾಗಲೇ ಕೋಳಿಮರಿಗಳ ವ್ಯಾನು ಎದುರಿಗೆ ಬಂತು. ಡ್ರೈವರ್ ಚಂದ್ರಹಾಸ ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಇಳಿದು, ಚಪ್ಪಲಿ ಬಿಟ್ಟು ನಿಂತ. ಹೆಗಲ ಮೇಲೆ ಹೋಗುತ್ತಿರುವ ಹೆಣ ಮರಿ ತರಿಸಿದ ಅಖ್ತರ್ ಬೀಯದೇ ಎಂದು ಅವನಿಗೆ ತಿಳಿದದ್ದು, ಬಾಗಿಲಲ್ಲಿ ನಿಂತಿದ್ದ ಅವಳ ಮಗಳು ನೌರೀನಳ ಮುಖ ನೋಡಿದ ಮೇಲೆ.

ಅವಳ ಅಣ್ಣ ಮುಸ್ತಕೀಮ್ ಇನ್ನೊಬ್ಬರಿಗೆ ಹೆಗಲು ದಾಟಿಸಿ ಹಿಂದಕ್ಕೆ ಓಡಿ ಬಂದ. ಅವನಿಗೆ ಮಾಚೇನಹಳ್ಳಿಯಲ್ಲಿ ಲೇತ್ ಕೆಲಸ. ಅಮ್ಮಿಯ ಕೋಳಿ ಶೆಡ್ಡಿನ ಕಡೆ ತಲೆ ಹಾಕಿದವನಲ್ಲ.

"ವಾಪಸ್ ಕಳಿಸು. ಅಮ್ಮಿನೇ ಇಲ್ಲ, ಇನ್ಯಾರು ನೋಡ್ಕೊಳ್ತಾರೆ?" ಎಂದ. ಇಳಿಸಲೇಬೇಕಾದರೆ ಶೆಡ್ಡಿನಲ್ಲಿ ಕೋಳಿಗಳಿಗೆ ಹಾಕುವ ಗಸಿಯ ಮೂಟೆಗಳಿವೆಯಲ್ಲ, ಅದನ್ನೇ ಹಾಕು ಎಂದು ಹೇಳಿ ಮತ್ತೆ ಜನರನ್ನು ಸೇರಿಕೊಂಡ.

ಈ ಬಿಸಿಲಲ್ಲಿ ಉಳಿದ ಊರುಗಳನ್ನೂ ಸುತ್ತಿ ವಾಪಸ್ ಶಿವಮೊಗ್ಗ ಮುಟ್ಟುವಷ್ಟರಲ್ಲಿ ಅರ್ಧಕ್ಕರ್ಧ ಮರಿ ಉಳಿಯುವುದಿಲ್ಲ ಎಂದ ಚಂದ್ರಹಾಸ. ಒಳಗೆ ಚಾಪೆಯ ಮೇಲೆ ಕೂತ ಹೆಂಗಸರಿಗೆ, ಹೆಣ ಹೊರಟ ಹೊತ್ತಿನಲ್ಲಿ ಶೆಡ್ಡು ತೆಗೆಯುವುದು ಸರಿಕಾಣಲಿಲ್ಲ. ಅವರ ನಡುವೆಯೇ ಕೂತಿದ್ದ ಪಶುವೈದ್ಯೆ ಶೀಲಾ ನೌರೀನಳನ್ನೇ ನೋಡಿದಳು.

ನೌರೀನ್ ದುಪಟ್ಟಾವನ್ನು ಬಿಗಿಯಾಗಿ ಸುತ್ತಿಕೊಂಡಳು. "ಇಳಿಸಿ," ಎಂದಳು.

*

ಲಾರಿ ಓಡಿಸುತ್ತಿದ್ದ ಗಂಡ ಸತ್ತ ಮೇಲೆ ಅಖ್ತರ್ ಬೀ ಭದ್ರಾವತಿಯ ಅಂಚಿನಲ್ಲಿ ಕೋಳಿ ಸಾಕಲು ಶುರು ಮಾಡಿದ್ದಳು. ಮೆಕ್ಕೆಜೋಳದ ಬೆಲೆ ಏರಿದ ವರ್ಷ, ಜೋಳದಿಂದ ಸ್ಪಿರಿಟ್ ತೆಗೆದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಒಣ ಗಸಿಯನ್ನು ಅಗ್ಗಕ್ಕೆ ತರಿಸಿದಳು. ಹುದುಗಿದ ಹಿಟ್ಟಿನ ವಾಸನೆಗೆ ಕೋಳಿಗಳು ಮುಗಿಬಿದ್ದವು. ದೊಡ್ಡವು ಮೈತುಂಬಿಕೊಂಡವು. ಮರಿಗಳು ಮಾತ್ರ ತಿಂದದ್ದನ್ನು ಹಾಗೆಯೇ ಹೊರಹಾಕಿ, ರೆಕ್ಕೆ ಇಳಿಬಿಟ್ಟು ಮೂಲೆ ಸೇರಿದವು. ಪಕ್ಕದಲ್ಲೇ ಕೋಳಿ ಸಾಕುತ್ತಿದ್ದ ಭೂತಪ್ಪ, ಗಸಿಯಲ್ಲಿ ವಿಷವಿದೆ, ಸುಟ್ಟುಬಿಡು ಎಂದ.

ಶೀಲಾ ಶಿವಮೊಗ್ಗದಿಂದ ಬಂದು ಸತ್ತ ಮರಿಯೊಂದನ್ನು ಕೊಯ್ದು ನೋಡಿದಳು. ವಿಷವಲ್ಲ, ನಾರು ಹೆಚ್ಚು. ಎಳೆಯ ಕರುಳಿಗೆ ಅದನ್ನು ಅರಗಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಬೆಳೆಯುತ್ತಾ ಬರುತ್ತದೆ ಎಂದಳು. ಯಾವ ವಯಸ್ಸಿಗೆ ಎಂದು ಅಖ್ತರ್ ಬೀ ಕೇಳಿದಳು. ಒಬ್ಬೊಬ್ಬರು ಒಂದೊಂದು ಬರೆದಿದ್ದಾರೆ, ಇಲ್ಲಿಯೇ ನೋಡೋಣ ಎಂದಳು ಶೀಲಾ.

ಇಬ್ಬರೂ ಸೇರಿ ಶೆಡ್ಡಿನ ನಡುವೆ ಗೋಣಿತಾಟಿನ ಪರದೆ ಕಟ್ಟಿದರು. ಒಂದೊಂದು ಬ್ಯಾಚಿಗೆ ಒಂದೊಂದು ವಯಸ್ಸಿನಲ್ಲಿ ಗಸಿ ಶುರುಮಾಡಿ ತೂಗಿದರು. ಕಾಲೇಜಿನಿಂದ ಬಂದ ನೌರೀನ್ ಕೋಳಿ ಹಿಡಿದುಕೊಡುತ್ತಿದ್ದಳು. ಮೈಮೇಲೆ ಪೂರಾ ಗರಿ ಬರುವವರೆಗೆ ಗಸಿ ಬೇಡ, ಆಮೇಲೆ ಸ್ವಲ್ಪಸ್ವಲ್ಪವಾಗಿ ಏರಿಸಬೇಕು ಎಂಬುದು ಕೊನೆಗೆ ನಿಕ್ಕಿಯಾಯಿತು. ಅದನ್ನು ನೋಡಿ ಭೂತಪ್ಪನೂ ಗಸಿ ತರಿಸಿದ. ಅವನು ಹಿಂದೆ ಆಡಿದ್ದನ್ನು ಅಖ್ತರ್ ಬೀ ಎತ್ತಲಿಲ್ಲ. ಅವನ ಶೆಡ್ಡಿಗೆ ಹೋಗಿ ಮೊದಲ ಸಲ ತಾನೇ ಬೆರೆಸಿಕೊಟ್ಟು ಬಂದಳು.

*

ಮರಿ ಇಳಿಸುವಾಗ ನೋಡಿದರೆ ಶೆಡ್ಡಿನಲ್ಲಿ ಗಸಿ ಬಿಟ್ಟು ಬೇರೆ ಮೇವಿರಲಿಲ್ಲ. ಮರಿಗಳಿಗೆ ಹೇಳಿಟ್ಟ ಅಖ್ತರ್ ಬೀ ಹಾಸಿಗೆ ಹಿಡಿದ ಮೇಲೆ ಅವುಗಳ ಮೇವು ತರಿಸುವುದು ಉಳಿದುಹೋಗಿತ್ತು. ಚಂದ್ರಹಾಸ ಗಸಿಯ ಮೂಟೆಯ ಬಾಯಿಗೆ ಕೈಹಾಕಿದಾಗ ನೌರೀನ್ ತಡೆದಳು. ಗಲ್ಲಿಯ ತುದಿಯವರೆಗೆ ಜನಾಜಾದ ಜೊತೆ ನಡೆದು ಮರಳಿದ್ದ ಭೂತಪ್ಪ ಗೇಟಿನಲ್ಲಿ ನಿಂತು ಇದನ್ನು ನೋಡಿದ. ತನ್ನ ಶೆಡ್ಡಿಗೆ ಹೋಗಿ, ಮೊಪೆಡ್ಡಿನ ಮೇಲೆ ಮರಿಗಳ ಮೇವಿನ ಮೂಟೆ ಹೇರಿಕೊಂಡು ಬಂದ.

ನೌರೀನ್ ಬಲ್ಬು ಹಚ್ಚಿ, ಭತ್ತದ ಹೊಟ್ಟಿನ ಮೇಲೆ ಪೇಪರ್ ಹಾಸಿ ಮೇವು ಹರಡಿದಳು. ಶೀಲಾ ಒಳಗೆ ಬಂದಳು.

"ಇವಕ್ಕೆ ಗಸಿ ಯಾವಾಗ ಶುರು ಮಾಡ್ತೀಯಾ?"

"ಅರ್ಧಕ್ಕೆ ಯಾವತ್ತಿನ ಹಾಗೆ. ಇನ್ನರ್ಧಕ್ಕೆ ಸ್ವಲ್ಪ ಮುಂಚೆ ಕೊಟ್ಟು ನೋಡ್ತೀನಿ ಡಾಕ್ಟ್ರೇ. ಅಮ್ಮಿಗೆ ಅದೊಂದು ನೋಡ್ಬೇಕು ಅಂತಿತ್ತು."

"ತೂಗೋ ದಿನ ಹೇಳು, ಬರ್ತೀನಿ," ಎಂದು ಶೀಲಾ ಸೆರಗು ಸಿಕ್ಕಿಸಿ, ನೌರೀನ್ ಎತ್ತುತ್ತಿದ್ದ ಮರಿಗಳ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದಳು.

ಮಣ್ಣು ಕೊಟ್ಟು ಗಂಡಸರು ಮರಳಿದರು. ಮುಸ್ತಕೀಮ್ ಶೆಡ್ಡಿನ ಬಾಗಿಲಿಗೆ ಬಂದ. ಬಲ್ಬಿನ ಕೆಳಗೆ ಹಳದಿ ಮರಿಗಳು ಒತ್ತೊತ್ತಾಗಿ ನಿಂತಿದ್ದವು. ಅವಕ್ಕೆ ನೀರು ಕುಡಿಯುವುದು ಇನ್ನೂ ಗೊತ್ತಿರಲಿಲ್ಲ. ನೌರೀನ್ ಒಂದೊಂದನ್ನೇ ಎತ್ತಿ ಕೊಕ್ಕನ್ನು ತಟ್ಟೆಯ ನೀರಿಗೆ ಅದ್ದಿ ಬಿಡುತ್ತಿದ್ದಳು. ಅವನು ಡ್ರಮ್ಮಿನ ಬಳಿ ಕೈ ತೊಳೆದ. ಉಗುರುಗಳ ಸಂದಿಯಲ್ಲಿ ಖಬರಸ್ತಾನದ ಕೆಮ್ಮಣ್ಣು ಉಳಿದೇ ಇತ್ತು. ತಂಗಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ಮರಿಯನ್ನು ಬೊಗಸೆಗೆ ತೆಗೆದುಕೊಂಡು ಅದರ ಕೊಕ್ಕನ್ನು ನೀರಿಗೆ ಮುಟ್ಟಿಸಿದ. ಮರಿ ತಲೆಯೆತ್ತಿ ಗುಟುಕರಿಸಿತು. ಅವನು ಇನ್ನೊಂದಕ್ಕೆ ಕೈ ಚಾಚಿದ.